ದೊಡ್ಡ ಸಿಸ್ಟರಿಗೆ ಏನೂ ಗೊತ್ತಿಲ್ಲ

ಹೆರಿಗೆ ಮಾಡಿಸುವ ತರಬೇತಿಗೆ ಬಂದ ನರ್ಸಿಂಗ್ ಹುಡುಗಿಯರು ತಮ್ಮ ದೊಡ್ಡ ಸಿಸ್ಟರಿಗೆ ಏನೂ ಗೊತ್ತಿಲ್ಲವೆಂದೇ ತೀರ್ಮಾನಿಸಿದ್ದಾರೆ. ಹತ್ತು ಬಸುರಿಯರನ್ನು ದುಂಡಗೆ ಕೂರಿಸಿ, ಯಾರು ಏನು ಕೇಳಿದರೂ ಪಕ್ಕದವಳತ್ತ ತಿರುಗಿ "ನೀವೇನಂತೀರಮ್ಮಾ?" ಎನ್ನುವುದೇ ಅವರ ವೈದ್ಯ. ಎದೆಯುರಿಗೆ ಉಪಾಯ ಹೇಳುವವಳು ಮೂರನೇ ಬಸುರಿನ ದರ್ಜಿ, ಕಾಲಿನ ಊತಕ್ಕೆ ಏಳು ತಿಂಗಳ ಬಸುರಿ ಬಸ್ ಕಂಡಕ್ಟರು. ನಡುವೆ ತಲೆಹಾಕಿದ ವಿದ್ಯಾರ್ಥಿನಿಯ ಬಾಯಿಗೆ ಸಿಸ್ಟರು ಕಣ್ಣಲ್ಲೇ ಬೀಗ ಜಡಿಯುತ್ತಾರೆ. ಮೊನ್ನೆ ಬಾಗಿಲ ಬಳಿ ಕೂತ ಚೊಚ್ಚಲ ಬಸುರಿ, "ಬೆಳಗಿಂದ ಮಗು ಮಿಸುಕಾಡ್ತಾನೇ ಇಲ್ಲ" ಎಂದಳು. ದರ್ಜಿ "ಮಲಗಿರುತ್ತೆ ಬಿಡಿ" ಅನ್ನುವಷ್ಟರಲ್ಲಿ ಸಿಸ್ಟರು ಚೊಚ್ಚಲಿನವಳೆದುರು ಮಂಡಿಯೂರಿ, ಹೊಟ್ಟೆಗೆ ಎದೆಬಡಿತ ಆಲಿಸುವ ಕೊಳವೆಯಿಟ್ಟು ಕಿವಿಗೊಟ್ಟಾಗಿತ್ತು. ಮಗುವಿನ ಎದೆಬಡಿತ ಕೇಳಿಸಿತು. ಆದರೂ ಅವಳನ್ನು ಕೈಹಿಡಿದು ತಾವೇ ಡಾಕ್ಟರ ಬಳಿ ಬಿಟ್ಟುಬಂದರು. "ಯಾವ ಪ್ರಶ್ನೆಗೆ ಎದ್ದು ಓಡ್ಬೇಕು ಅಂತ ಹೇಗೆ ಗೊತ್ತಾಗುತ್ತೆ ಸಿಸ್ಟರ್?" ಎಂದು ವಿದ್ಯಾರ್ಥಿನಿಯೊಬ್ಬಳು ಕೇಳಿದಳು. ಕೊಳವೆಯನ್ನು ಒರೆಸಿ ಮಡಿಲಲ್ಲಿಟ್ಟುಕೊಂಡು ಅವರು ಪಕ್ಕದ ಹುಡುಗಿಯತ್ತ ತಿರುಗಿದರು: "ನೀನೇನಂತೀಯಮ್ಮಾ?"