ಸಾಹೇಬರಿಗೆ ನಾನು ತಲುಪಿಸದ ಮಾತು

ವಸಂತಣ್ಣ, ಅಂದು ನಿಮ್ಮ ಮಾತನ್ನು ನಾನು ಸಾಹೇಬರಿಗೆ ತಪ್ಪಾಗಿ ಹೇಳಿದೆ. ಬೇಕೆಂದೇ ಹೇಳಿದೆ. ನೀವು ಕೆಲಸ ಕಳೆದುಕೊಂಡದ್ದು ಅದರಿಂದ — ನಿಮ್ಮಿಂದ ಯಾವ ತಪ್ಪೂ ಆಗಿರಲಿಲ್ಲ.

ಹನ್ನೊಂದು ವರ್ಷವಾಯಿತು. ಕಾರ್ಕಳದ ನಾನು ದೂರದ ಊರಿನ ವಿಮಾನ ತರಬೇತಿ ಶಾಲೆಯಲ್ಲಿ ವಿದ್ಯಾರ್ಥಿನಿ; ಕಾಪುವಿನ ನೀವು ಅಲ್ಲಿ ಹೊಸದಾಗಿ ಸೇರಿದ ಮೆಕ್ಯಾನಿಕ್ ಸಹಾಯಕ. ಮೀನಿನ ಬೋಟುಗಳ ಎಂಜಿನ್ ಬಿಚ್ಚಿ ಜೋಡಿಸಿ ಪಳಗಿದ ಕೈ. ನಾಲ್ಕು ಸೀಟು, ಒಂದೇ ಎಂಜಿನ್‌ನ ಆ ಪುಟ್ಟ ವಿಮಾನವನ್ನು ಮೊದಲ ದಿನ ಕಂಡು, "ಇದೆಂತ ಮಾರಾಯ್ತಿ, ರಿಕ್ಷಾಕ್ಕೆ ರೆಕ್ಕೆ ಇಟ್ಟ ಹಾಗೆ ಉಂಟು!" ಎಂದು ನಕ್ಕಿರಿ. ತಿಂಗಳು ಕಳೆಯುವುದರೊಳಗೆ ಶಬ್ದ ಕೇಳಿಯೇ ಯಾವ ಸಿಲಿಂಡರ್ ಮುನಿಸಿಕೊಂಡಿದೆ ಎಂದು ಹೇಳತೊಡಗಿದಿರಿ. ಪುಸ್ತಕ ಉರುಹೊಡೆದ ನಮಗೆ ನಾಚಿಕೆ — ಆದರೂ ನೀವು ಕೆಲಸ ಮಾಡುವುದನ್ನು ನೋಡಲು ನನಗೆ ಎಷ್ಟು ಇಷ್ಟವಿತ್ತು!

ಆ ವಿಮಾನದ ಪೆಟ್ರೋಲ್ ರೆಕ್ಕೆಗಳ ಒಳಗಿರುತ್ತದೆ. ಹಾರುವ ಮೊದಲು ರೆಕ್ಕೆಯ ಅಡಿಯಿಂದ ಒಂದು ಪಾರದರ್ಶಕ ಲೋಟಕ್ಕೆ ಸ್ವಲ್ಪ ಇಳಿಸಿ, ನೀರು ಸೇರಿದೆಯೇ ಎಂದು ನೋಡಬೇಕು. ಬಹಳ ಮಂದಿ ಅದನ್ನು ಶಾಸ್ತ್ರಕ್ಕೆ ಮಾಡಿ ಮುಗಿಸುತ್ತಾರೆ. ನೀವು ಲೋಟವನ್ನು ಬೆಳಕಿಗೆ ಹಿಡಿದು, ಒಳಗಿನ ಅಲುಗಾಟ ನಿಲ್ಲುವವರೆಗೂ ಕಾಯುತ್ತಿದ್ದಿರಿ. ಯಾರು ಅವಸರ ಮಾಡಿದರೂ ಕೇಳುತ್ತಿರಲಿಲ್ಲ.

ಆ ಬೆಳಿಗ್ಗೆ ತಿಳಿನೀಲಿ ಪೆಟ್ರೋಲಿನ ತಳದಲ್ಲಿ ನೀರು ಕಂಡಿತು. ಏಣಿ ಹತ್ತಿ ನೋಡಿದರೆ ರೆಕ್ಕೆಯ ಮೇಲಿನ ಟ್ಯಾಂಕಿನ ಮುಚ್ಚಳ ಸಡಿಲ. ರಾತ್ರಿ ಸುರಿದ ಮಳೆ ಒಳಗೆ ಇಳಿದಿತ್ತು. ನೀವು ಗಮನಿಸದಿದ್ದರೆ, ನೆಲ ಬಿಟ್ಟ ಸ್ವಲ್ಪ ಹೊತ್ತಿಗೇ ಎಂಜಿನ್ ನಿಲ್ಲಬಹುದಿತ್ತು. ಅದರಲ್ಲಿ ಹೊರಡಬೇಕಿದ್ದವಳು ನಾನು — ಮೊದಲ ಸಲ, ಒಬ್ಬಳೇ. ಹಿಂದಿನ ಸಂಜೆ ಪೆಟ್ರೋಲ್ ಅಳೆದು ಆ ಮುಚ್ಚಳ ಹಾಕಿದವಳೂ ನಾನೇ.

ಶಾಲೆಯ ಮುಖ್ಯಸ್ಥರಾದ ಸಾಹೇಬರು ಕೆಂಡಾಮಂಡಲವಾಗಿ, ಇದು ಹೇಗಾಯಿತೆಂದು ಇಂಗ್ಲಿಷಿನಲ್ಲಿ ನಿಮ್ಮನ್ನು ಕೇಳಿದರು. ನಿಮಗೆ ಇಂಗ್ಲಿಷ್ ಬಾರದು. ಅವರಿಗೆ ತುಳುವೂ ಬಾರದು, ಕನ್ನಡವೂ ಬಾರದು. ಎಂದಿನಂತೆ ನಡುವೆ ನಾನು.

"ಮುಚ್ಚಳ ನಾನು ಮುಟ್ಟಿದ್ದೇ ಇಲ್ಲ ತಂಗಿ. ಯಾರು ಹಾಕಿದ್ದೋ ಗೊತ್ತಿಲ್ಲ. ಅದು ಹೇಗೂ ಇರಲಿ, ಇವತ್ತು ಈ ವಿಮಾನ ಹಾರುವುದು ಬೇಡ ಅಂತ ಹೇಳು," ಎಂದಿರಿ.

ನಾನು ಸಾಹೇಬರಿಗೆ ಹೇಳಿದ್ದು: "ಮುಚ್ಚಳ ಬಿಗಿ ಮಾಡಲು ಮರೆತರಂತೆ ಸರ್. ಕ್ಷಮೆ ಕೇಳುತ್ತಿದ್ದಾರೆ."

ನಿಮ್ಮ ಮಾತನ್ನೇ ಹೇಳಿದೆನೆಂದು ನಂಬಿ ನೀವು ತಲೆಯಾಡಿಸಿದಿರಿ. ಸಾಹೇಬರಿಗೆ ಅಷ್ಟೇ ಸಾಕಾಯಿತು. ನಿಜ ಹೇಳಿದ್ದರೆ ನನ್ನ ಒಂಟಿ ಹಾರಾಟ ಕೈತಪ್ಪುತ್ತಿತ್ತು — ಅಷ್ಟೇ. ಅಷ್ಟಕ್ಕಾಗಿ... ಮರುದಿನ ನೀವು ಚೀಲ ಹಿಡಿದು ಬಸ್ಸು ಹತ್ತಿದಿರಿ. ನಾಲ್ಕನೆಯ ದಿನ ನಾನು ಹಾರಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಖುಷಿಪಟ್ಟೆ, ವಸಂತಣ್ಣ; ಅದನ್ನೂ ಹೇಳಿಬಿಡಬೇಕು.

ಈಗ ಸಣ್ಣ ಸಣ್ಣ ನಗರಗಳ ನಡುವೆ ಎರಡು ಎಂಜಿನ್‌ಗಳ, ಎಪ್ಪತ್ತು ಜನ ಕೂರುವ ಪ್ರೊಪೆಲ್ಲರ್ ವಿಮಾನ ನಡೆಸುತ್ತೇನೆ. ನನ್ನ ತಪಾಸಣೆಯ ಶಿಸ್ತನ್ನು ಜೊತೆಯವರು ಹೊಗಳುತ್ತಾರೆ. ಅದು ನಿಮ್ಮದು. ನಿಮ್ಮ ಹೆಸರನ್ನು ನಾನು ಒಮ್ಮೆಯೂ ಹೇಳಿಲ್ಲ.

ಕಳೆದ ತಿಂಗಳು ಕಾಪುವಿನ ನಿಮ್ಮ ಶೆಡ್ಡಿಗೆ ಬಂದದ್ದು ಇದನ್ನು ಹೇಳಲೆಂದೇ. ಬೋಟಿನ ಎಂಜಿನ್ ಬಿಟ್ಟು ಎದ್ದು, ಕೈಯ ಗ್ರೀಸ್ ಒರೆಸಿಕೊಂಡು, ಹೆಂಡತಿಯನ್ನು ಕರೆದಿರಿ.

"ನಾನು ಹೇಳ್ತಿದ್ದೆನಲ್ಲ, ಅದೇ ತಂಗಿ. ಆ ದಿನ ನನ್ನ ಪರವಾಗಿ ಸಾಹೇಬರ ಹತ್ತಿರ ಮಾತಾಡಿದ್ದು ಇವಳೊಬ್ಬಳೇ. ಅವರು ಕೇಳಲಿಲ್ಲ, ಇವಳಾದರೂ ಎಂತ ಮಾಡುವುದು?"

ಅಕ್ಕ ನನ್ನ ಎರಡೂ ಕೈ ಹಿಡಿದುಕೊಂಡರು. ನಾನು ಚಹಾ ಕುಡಿದು ಎದ್ದು ಬಂದೆ.

ಸಾಹೇಬರಿಗೆ ನಿನ್ನೆ ಎಲ್ಲವನ್ನೂ ಬರೆದು ಕಳಿಸಿದ್ದೇನೆ. ಭಾನುವಾರ ಕಾಪುವಿಗೆ ಬರುತ್ತೇನೆ. ಅಕ್ಕನೂ ಇರಲಿ. ಸಾಹೇಬರಿಗೆ ಏನು ಬರೆದೆನೋ ಅದನ್ನು ನಿಮ್ಮಿಬ್ಬರ ಮುಂದೆ ತುಳುವಿನಲ್ಲಿ ಹೇಳುತ್ತೇನೆ — ಒಂದು ಮಾತನ್ನೂ ಬದಲಿಸದೆ.