ಅಳತೆಯಣ್ಣ ಅಳಿಸಿದ ಚಿತ್ರ

ಎರಡು ಕಾಲು ಒಂದೇ ಸಮ ಇಲ್ಲದವರಿಗೆ ಬೂಟು ಹೊಲಿದುಕೊಡುವುದು ಅವನ ಕಸುಬು. ಯಾರೇ ಬರಲಿ, ಮೊದಲು ಕಾಗದದ ಮೇಲೆ ಪಾದ ಇಡಿಸಿ ಪೆನ್ಸಿಲ್ಲಿನಿಂದ ಸುತ್ತ ಗೆರೆ ಎಳೆಯುತ್ತಿದ್ದ. ಅದಕ್ಕೇ ಬೀದಿಗೆಲ್ಲ ಅಳತೆಯಣ್ಣ. ಎದುರಿಗಿದ್ದ ಮೂಳೆ ಆಸ್ಪತ್ರೆ ಊರಾಚೆಗೆ ಹೋದದ್ದೇ ತಡ, ಅಂಗಡಿಗೆ ತಲೆಹಾಕುವವರಿಲ್ಲದೆ ಅವನು ನೊಣ ಹೊಡೆಯುತ್ತ ಕೂತ.

"ಮಾವ, ಜನ ಈಗ ಬೀದೀಲಿ ಹುಡುಕಲ್ಲ, ಫೋನಲ್ಲಿ ಹುಡುಕ್ತಾರೆ," ಎಂದಳು ಸೊಸೆ. ಇಂಟರ್ನೆಟ್‌ನಲ್ಲಿ ಅಂಗಡಿಯದೊಂದು ಪುಟ ತೆರೆದಳು. ಮನೆಯಲ್ಲೇ ಪಾದದ ಅಳತೆ ತೆಗೆದು ಕಳಿಸುವ ಬಗೆಯನ್ನು ಅವನಿಂದಲೇ ವಿಡಿಯೊದಲ್ಲಿ ಹೇಳಿಸಿದಳು. ಒಬ್ಬಿಬ್ಬರು ವಿಚಾರಿಸಿದರು, ಅಷ್ಟೆ.

ಒಂದು ದಿನ ಅವನ ಫೋನಿನಲ್ಲಿ ಅವಳಿಗೊಂದು ಹಳೆಯ ಫೋಟೊ ಸಿಕ್ಕಿತು. ಗಣಿತದ ಟೀಚರೊಬ್ಬರ ತಿರುಚಿದ ಪಾದ. ಬೂಟು ಹೊಲಿಯುವಾಗ ನೋಡಿಕೊಳ್ಳಲೆಂದು ತೆಗೆದದ್ದು.

"ಇದನ್ನೂ ನೀವು ಹೊಲಿದ ಬೂಟನ್ನೂ ಅಕ್ಕಪಕ್ಕ ಹಾಕ್ಲಾ? ಮುಖ ಕಾಣಲ್ಲ."

ಚರ್ಮ ಕತ್ತರಿಸುತ್ತಿದ್ದವನು ತಲೆ ಎತ್ತದೆ "ಹೂಂ" ಎಂದುಬಿಟ್ಟ.

ವಾರದೊಳಗೆ ಸಾವಿರಾರು ಜನ ನೋಡಿದರು. ಕಂಡು ಕೇಳದ ಊರುಗಳಿಂದ ಪಾದದ ಗೆರೆಗಳು ಬಂದವು. ಅವನಿಗೆ ಉಸಿರಾಡಲೂ ಪುರುಸೊತ್ತಿಲ್ಲದಾಯಿತು.

ಆಮೇಲೆ ಟೀಚರ್ ಬಂದರು. ಸ್ಟೂಲು ಎಳೆದುಕೊಟ್ಟರೂ ಕೂರಲಿಲ್ಲ.

"ಮುಖ ಇಲ್ಲ ನಿಜ. ನನ್ನ ಕಾಲು ನನಗೆ ಗೊತ್ತಾಗಲ್ವಾ ಅಣ್ಣ? ಮನೆಯವರ ಮುಂದೆ ಕಾಲುಚೀಲ ಬಿಚ್ಚೋಕೆ ನನಗೆ ಒಂದು ವರ್ಷ ಹಿಡೀತು. ನಿಮ್ಮ ಮುಂದೆ ಮೊದಲನೇ ದಿನವೇ ಬಿಚ್ಚಿದ್ದೆ."

ಅವನು "ತಪ್ಪಾಯ್ತು ತಾಯಿ," ಎನ್ನುವಷ್ಟರಲ್ಲಿ ಅವರು ಮೆಟ್ಟಿಲಿಳಿದಿದ್ದರು.

"ತೆಗೆದುಬಿಡಮ್ಮ," ಎಂದ ಸೊಸೆಗೆ.

"ಬರೋರೆಲ್ಲ ಅದನ್ನೇ ನೋಡಿ ಬರ್ತಿರೋದು, ಮಾವ."

"ಅದಕ್ಕೇ ತೆಗಿ ಅಂದಿದ್ದು. ಹೂಂ ಅಂದೋನು ನಾನು, ನಿನ್ನ ತಪ್ಪೇನಿಲ್ಲ."

ಅವಳು ಕಣ್ಣೊರೆಸಿಕೊಂಡು ಅಳಿಸಿದಳು. ಆ ಜಾಗದಲ್ಲಿ ಅವನು ಹೇಳಿ ಬರೆಸಿದ: "ಇಲ್ಲಿ ಒಬ್ಬರ ಪಾದದ ಚಿತ್ರವನ್ನು ಅವರನ್ನು ಕೇಳದೆ ಹಾಕಿದ್ದೆವು. ತಪ್ಪು ನಮ್ಮದು. ಇನ್ನು ಯಾರ ಪಾದದ ಚಿತ್ರವೂ ಈ ಅಂಗಡಿಯ ಬಾಗಿಲು ದಾಟಿ ಹೋಗುವುದಿಲ್ಲ."

ನೋಡುವವರು ಇಳಿದರು. ಕೆಲಸವೂ ಅರ್ಧಕ್ಕರ್ಧ ಇಳಿಯಿತು. ಆದರೆ ಆ ಮಾತು ಓದಿ, ಇಷ್ಟು ದಿನ ಯಾರಿಗೂ ಕಾಲು ತೋರಿಸದ ಕೆಲವರು ಅಂಜುತ್ತ ಅಂಜುತ್ತ ಬರೆದರು. ಅಂಥವರಿಗೆ ಅವನು ಫೋನು ಮಾಡಿ ತಾನೇ ಮಾತಾಡುತ್ತಿದ್ದ.

ಟೀಚರ ಬೂಟಿನ ಅಟ್ಟೆ ಎಂಟು ತಿಂಗಳಿಗೆ ಸವೆಯುತ್ತದೆಂದು ಅವನಿಗೆ ಗೊತ್ತಿತ್ತು. ಒಂಬತ್ತಾಯಿತು, ಹತ್ತಾಯಿತು. ಹನ್ನೊಂದನೆಯ ತಿಂಗಳು ಪುಟದ ಮೂಲಕ ಅವರ ಪಾದದ ಗೆರೆ ಬಂತು. ಜೊತೆಗೆ ಒಂದಕ್ಷರವೂ ಇರಲಿಲ್ಲ. ಹಿಮ್ಮಡಿ ಇನ್ನಷ್ಟು ಒಳಕ್ಕೆ ತಿರುಗಿತ್ತು. ಅವನು ಆ ಗೆರೆಯನ್ನು ಅವರ ಹಳೆಯ ಗೆರೆಯ ಪಕ್ಕದಲ್ಲಿಟ್ಟು ಅಳೆದ. ಆಮೇಲೆ ಇದ್ದುದರಲ್ಲೇ ಮೆತ್ತನೆಯ ಚರ್ಮ ಆರಿಸಿ ಕೆಲಸಕ್ಕೆ ಕೂತ.