ಸತ್ಯಮೂರ್ತಿಯವರ ನಾಲ್ಕು ಟಯರು

ಅಪ್ಪಿ ಸತ್ಯಮೂರ್ತಿಯವರನ್ನು ಮೊದಲ ಸಲ ಕಂಡದ್ದು ಎಂಬತ್ತೇಳನೇ ಇಸವಿ ಮೇ ತಿಂಗಳ ಒಂದು ಶನಿವಾರ, ಬೆಳಿಗ್ಗೆ ಹತ್ತೂವರೆಗೆ. ಸರಿಯಾಗಿ ಹೇಳಬೇಕೆಂದರೆ ಮೊದಲು ಕಂಡದ್ದು ಅವರ ಕಾರು. ಜೋಗೇಶ್ವರಿ ಬಡಾವಣೆಯ ಟಯರ್ ಅಂಗಡಿಯ ಮುಂದೆ ಅದು ಬಂದು ನಿಂತಾಗ ಅಪ್ಪಿ ಬಾಗಿಲಲ್ಲೇ ಸ್ಟೂಲಿನ ಮೇಲೆ ಕುಳಿತಿದ್ದಳು. ಕೆಂಪು ಬಣ್ಣ, ಎರಡೇ ಬಾಗಿಲು, ಎರಡೇ ಸೀಟು. ಎತ್ತರ ಅವಳ ಸೊಂಟಕ್ಕಿಂತ ನಾಲ್ಕು ಬೆರಳು ಹೆಚ್ಚು. ಡ್ರೈವರ್ ಕೂರಬೇಕಾದ ಬಲಗಡೆಯ ಸೀಟಿನಲ್ಲಿ ಯಾರೂ ಇರಲಿಲ್ಲ.

"ಅತ್ತಿಗೇ, ಡ್ರೈವರೇ ಇಲ್ಲದ ಗಾಡಿ ಬಂತು" ಎಂದ ಅವಳ ಮೈದುನ ಅಂಗಾರ. ಟಯರ್ ಬಿಚ್ಚುವುದು, ಹಾಕುವುದು ಅವನ ಕೆಲಸ.

ಎಡಗಡೆಯ ಬಾಗಿಲು ತೆರೆಯಿತು. ಐವತ್ತರ ಆಸುಪಾಸಿನ ಒಬ್ಬರು ಮೊದಲು ಒಂದು ಕಾಲು, ಆಮೇಲೆ ತಲೆ, ಆಮೇಲೆ ಉಳಿದದ್ದು ಎಂದು ಕಂತಿನಲ್ಲಿ ಹೊರಗೆ ಬಂದರು. ಜೇಬಿನಲ್ಲಿ ಮೂರು ಪೆನ್ನು, ಇಸ್ತ್ರಿ ಮಾಡಿದ ಅರ್ಧ ತೋಳಿನ ಅಂಗಿ. ಸ್ಟೀರಿಂಗ್ ಎಡಗಡೆ ಇತ್ತು. ಊರಿಗೆ ವಾಪಸು ಹೋದ ಯಾವನೋ ವಿದೇಶಿ ಸಾಹೇಬನ ಕಾರು, ಹರಾಜಿನಲ್ಲಿ ಸಿಕ್ಕಿದ್ದಂತೆ.

"ಇದು ಎಂತ ಗಾಡಿ?"

"ಸ್ಪೋರ್ಟ್ಸ್ ಕಾರು."

"ಯಾವ ಸ್ಪೋರ್ಟ್ಸ್ ಮಾರಾಯ್ರೆ, ಕಬಡ್ಡಿಯಾ?" ಎಂದ ಅಂಗಾರ.

"ಆಫೀಸಿಗೆ ಹೋಗೋಕೆ" ಎಂದರು ಸತ್ಯಮೂರ್ತಿ. ಅವರಿಗೆ ನಗು ಬಂದಂತೆ ಕಾಣಲಿಲ್ಲ.

ಅಪ್ಪಿ ಎದ್ದು ಹೋಗಿ ನಾಲ್ಕೂ ಟಯರುಗಳ ಮೇಲೆ ಕೈಯಾಡಿಸಿದಳು. ಗಂಡ ದೂಜ ತೀರಿಕೊಂಡ ಮೇಲೆ ಐದು ವರ್ಷದಿಂದ ಅಂಗಡಿ ಅವಳದ್ದೇ. ಓದು ಅವಳಿಗೆ ಅಂಕಿಯವರೆಗೆ ಮಾತ್ರ ಬಂದಿತ್ತು. ಟಯರಿನ ಮೇಲಿನ ಇಂಗ್ಲಿಷ್ ಅಕ್ಷರಗಳನ್ನು ಅವಳು ಆಕಾರ ನೋಡಿ ಗುರುತಿಸುತ್ತಿದ್ದಳು. ಹಾವಿನ ಹಾಗೆ ಬಳುಕಿದ್ದರೆ ಅದು ತಾಸಿಗೆ ನೂರಾ ಎಂಬತ್ತು ಕಿಲೋಮೀಟರ್ ತಾಳುವ ಟಯರು. ಏಣಿಯ ಹಾಗೆ ಇದ್ದರೆ ಇನ್ನೂರ ಹತ್ತು. ಗಿರಾಕಿಗಳ ಎದುರಿಗೂ ಅವಳು ಹಾವು, ಏಣಿ ಎಂದೇ ಹೇಳುತ್ತಿದ್ದಳು. ಯಾರೂ ತಿದ್ದಿರಲಿಲ್ಲ.

"ನಾಲ್ಕು ಟಯರು, ಮೂರು ಜಾತಿ" ಎಂದಳು. "ಹಿಂದಿನ ಎರಡು ಟ್ಯಾಕ್ಸಿದು. ಮಳೆಯಲ್ಲಿ ಜಾರಿತಾ?"

ಸತ್ಯಮೂರ್ತಿ ಪೆನ್ನು ಮುಟ್ಟಿ ನೋಡಿಕೊಂಡರು. ಆಮೇಲೆ ಹೇಳಿದರು.

ಅವರು ಮೈಸೂರಿನವರು. ಪವಾಯಿಯ ಒಂದು ಪ್ರಯೋಗಾಲಯದಲ್ಲಿ ತೂಕದ ಯಂತ್ರಗಳು ಸರಿಯಾಗಿ ತೂಗುತ್ತವೆಯೇ ಎಂದು ನೋಡುವ ಕೆಲಸ. ಹೆಂಡತಿ ರಮಾಮಣಿ ಅಲ್ಲೇ ಶಾಲೆಯಲ್ಲಿ ಲೆಕ್ಕದ ಟೀಚರು. ಮನೆ ವಡಾಲದಲ್ಲಿ. ಇಬ್ಬರೂ ದಿನಾ ಕಾರಿನಲ್ಲಿ ಹೋಗಿ ಬರುತ್ತಿದ್ದರು. ಕಳೆದ ವರ್ಷ ಜುಲೈಯಲ್ಲಿ ಪವಾಯಿ ಕೆರೆಯ ತಿರುವಿನಲ್ಲಿ ಕಾರು ಜಾರಿ, ಅರ್ಧ ಸುತ್ತು ತಿರುಗಿ, ಬಂದ ದಾರಿಗೇ ಮುಖ ಮಾಡಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ರಮಾಮಣಿ ಛತ್ರಿ ತೆಗೆದುಕೊಂಡು ಇಳಿದು ಬಸ್ ಸ್ಟಾಪಿಗೆ ನಡೆದುಹೋದರು. ಅಂದಿನಿಂದ ಬಸ್ಸು.

"ಹತ್ತು ತಿಂಗಳಾಯ್ತು. ಮನೇಲಿ ಮಾತಾಡ್ತಾಳೆ. ಕಾರಲ್ಲಿ ಕೂರಲ್ಲ."

"ನೀವು?"

"ನಾನು ಬಸ್ಸಿನ ಹಿಂದೆ ಹೋಗ್ತೀನಿ."

ಇದು ಅಂಗಾರನಿಗೆ ತಿಳಿಯಲಿಲ್ಲ. ಸತ್ಯಮೂರ್ತಿ ತಾಳ್ಮೆಯಿಂದ ವಿವರಿಸಿದರು. ಸ್ಟೀರಿಂಗ್ ಎಡಗಡೆ ಇರುವ ಕಾರು ನಮ್ಮ ರಸ್ತೆಯಲ್ಲಿ ಬಸ್ಸಿನ ಹಿಂದೆ ಸಿಕ್ಕಿಕೊಂಡರೆ, ಓಡಿಸುವವನಿಗೆ ಕಾಣುವುದು ಬಸ್ಸಿನ ಬೆನ್ನು ಮಾತ್ರ. ಎದುರಿನಿಂದ ಏನು ಬರುತ್ತಿದೆ ಎಂದು ಬಲಗಡೆ ಕೂತವರೇ ನೋಡಿ ಹೇಳಬೇಕು. ರಮಾಮಣಿ ಕತ್ತು ಹೊರಗೆ ಚಾಚಿ, ರಸ್ತೆ ಖಾಲಿ ಇದ್ದರೆ "ಬಲ" ಎನ್ನುತ್ತಿದ್ದರು. ಇವರು ಬಲಕ್ಕೆ ತಿರುಗಿಸಿ ಮುಂದೆ ಹೋಗುತ್ತಿದ್ದರು. ಈಗ ಹೇಳುವವರು ಬಸ್ಸಿನಲ್ಲಿ. ಹಿಂದಿನ ಸೀಟಿನಲ್ಲಿ ಕೂತು ಅವರು ಗಾಜಿನಿಂದ ಇವರನ್ನು ನೋಡುತ್ತಾರೆ, ಇವರು ಕೆಳಗಿನಿಂದ ಅವರನ್ನು ನೋಡುತ್ತಾರೆ. ಸಾಯನ್ ಸ್ಟಾಪಿನವರೆಗೆ ಹಾಗೇ.

"ಜಾರದ ಟಯರು ಅಂತ ಖಾತ್ರಿ ಆದ್ರೆ ಕೂರ್ತೀನಿ ಅಂದಿದ್ದಾಳೆ. ಮಳೆ ಶುರುವಾಗೋಕೆ ಮುಂಚೆ ಬೇಕು."

"ಮೂರು ಶನಿವಾರ ಬನ್ನಿ" ಎಂದಳು ಅಪ್ಪಿ. "ಗಡಿಬಿಡಿ ಮಾಡುದು ಬೇಡ."

ಎರಡನೇ ಶನಿವಾರ ಸತ್ಯಮೂರ್ತಿ ತಾವೇ ಒಂದು ಟಯರು ಹೊತ್ತುಕೊಂಡು ಬಂದರು. ಮದ್ರಾಸಿನ ಕಡೆ ರೇಸಿಗೆ ಹೋಗಿ ಬಂದವನೊಬ್ಬ ಕೊಟ್ಟದ್ದು. ನುಣ್ಣಗೆ, ಅಗಲವಾಗಿ, ಗೀರುಗಳೇ ಇಲ್ಲದ ಹಾಗೆ. ಅವರು ಅದನ್ನು ಇಳಿಸಿದ ರೀತಿಯಲ್ಲೇ ಅವರ ಮನಸ್ಸು ಎಲ್ಲಿದೆ ಎಂದು ಅಪ್ಪಿಗೆ ತಿಳಿಯಿತು. ಅವಳು ಉಗುರು ಊರಿ ನೋಡಿದಳು. ಉಗುರು ಒಳಗೆ ಹೋಯಿತು.

"ಮೆತ್ತಗೆ ಉಂಟು. ಒಣ ರಸ್ತೆಯಲ್ಲಿ ಗೋಂದು ಹಚ್ಚಿದ ಹಾಗೆ ಹಿಡೀತದೆ."

"ಅದೇ ನಾನೂ ಹೇಳೋದು!"

"ಬಿಸಿ ಆದ ಮೇಲೆ. ನಿಮ್ಮ ಬಸ್ಸು ಎಷ್ಟು ಸ್ಪೀಡಲ್ಲಿ ಹೋಗ್ತದೆ?"

"ಇಪ್ಪತ್ತೆಂಟು."

"ಹಾಗಾದ್ರೆ ಇದು ಬಿಸಿ ಆಗುದು ಯಾವಾಗ?"

ಅಪ್ಪಿ ಒಳಗಿನಿಂದ ಇನ್ನೆರಡು ಟಯರು ಉರುಳಿಸಿಕೊಂಡು ಬಂದಳು. ಒಂದು ಟ್ಯಾಕ್ಸಿಯದ್ದು, ಗಟ್ಟಿ, ಎಷ್ಟು ಓಡಿಸಿದರೂ ಸವೆಯದಂಥದ್ದು. ಇನ್ನೊಂದು ಹಡಗಿನಲ್ಲಿ ಬಂದದ್ದು, ಏಣಿಯ ಅಕ್ಷರದ್ದು, ನೀರು ಹರಿದುಹೋಗಲು ಹೆಬ್ಬೆರಳು ಹಿಡಿಸುವಷ್ಟು ಅಗಲದ ಗೀರು. ಅಂಗಾರ ರದ್ದಿ ಅಂಗಡಿಯಿಂದ ಕೊಕ್ಕೆಯ ತಕ್ಕಡಿ ತಂದ. ಹಿತ್ತಲಿನ ಕಡಪದ ಕಲ್ಲಿನ ಮೇಲೆ ಅಪ್ಪಿ ಎರಡು ಕೊಡ ನೀರು ಸುರಿದಳು. ಒಂದೊಂದೇ ಟಯರನ್ನು ನಿಲ್ಲಿಸಿ, ಒಳಗೆ ಎಂಟೆಂಟು ಇಟ್ಟಿಗೆ ಇಟ್ಟು, ಉರುಳದಂತೆ ಬುಡಕ್ಕೆ ಹಗ್ಗ ಬಿಗಿದು, ಆ ಹಗ್ಗಕ್ಕೇ ಕೊಕ್ಕೆ ಸಿಕ್ಕಿಸಿ ಮೆಲ್ಲಗೆ ಎಳೆಸಿದಳು. ಯಾವ ತೂಕಕ್ಕೆ ಟಯರು ಜಾರುತ್ತದೆ ಎಂದು ನೋಡುವುದು ಅವಳ ಕ್ರಮ. ಪ್ರತಿಯೊಂದಕ್ಕೂ ಐದು ಸಲ.

ರೇಸಿನ ಟಯರು ಹನ್ನೊಂದು ಕಿಲೋಗೆ ಜಾರಿತು. ಟ್ಯಾಕ್ಸಿಯದ್ದು ಹನ್ನೆರಡಕ್ಕೆ. ಏಣಿಯದ್ದು ಹದಿನೇಳಕ್ಕೆ.

ಸತ್ಯಮೂರ್ತಿ ತಕ್ಕಡಿಯನ್ನು ಕೈಗೆ ತೆಗೆದುಕೊಂಡು, ಮುಳ್ಳು ಸೊನ್ನೆಯಲ್ಲಿ ನಿಲ್ಲುತ್ತದೆಯೇ ಎಂದು ಪರೀಕ್ಷಿಸಿದರು. ಅದು ಅವರ ಕಸುಬು. "ನೂರು ಗ್ರಾಂ ಹೆಚ್ಚು ತೋರಿಸ್ತಿದೆ" ಎಂದರು.

"ಮೂರಕ್ಕೂ ಹೆಚ್ಚೇ ತೋರಿಸಿತಲ್ಲ?"

"ಹೌದು. ಮೂರಕ್ಕೂ."

"ಮತ್ತೆ?"

"ಯೋಚನೆ ಮಾಡಿ ಹೇಳ್ತೀನಿ" ಎಂದು ರೇಸಿನ ಟಯರನ್ನು ಎತ್ತಿಕೊಂಡು ಹೋದರು. ಅದನ್ನು ಅವರು ಸೀಟಿನ ಮೇಲೆ ಕೂರಿಸಿದರು. ರಮಾಮಣಿಯವರ ಸೀಟು.

ಮೂರನೇ ಶನಿವಾರ ಸೀಟು ಖಾಲಿ ಇತ್ತು. ಏಣಿಯದ್ದೇ ಆಗಲಿ ಎಂದರು. ಆದರೆ ಅದರಲ್ಲಿ ಎರಡು ಎತ್ತರ ಇದ್ದವು, ಟಯರಿನ ಅಗಲದ ನೂರಕ್ಕೆ ಅರವತ್ತು ಮತ್ತು ಎಪ್ಪತ್ತು. ಅರವತ್ತರ ಟಯರು ಗಿಡ್ಡ. ಕಾರು ಇನ್ನೂ ನೆಲಕ್ಕೆ ಕೂತು ಚೆಂದ ಕಾಣುತ್ತದೆ, ತಿರುವಿನಲ್ಲಿ ಹೇಳಿದ ಕೂಡಲೇ ತಿರುಗುತ್ತದೆ. ಸತ್ಯಮೂರ್ತಿ ಅರವತ್ತು ಎಂದರು.

ಅಪ್ಪಿ ತನ್ನ ಮುಂಗೈಯನ್ನು ಟಯರಿನ ಪಕ್ಕಕ್ಕೆ ಇಟ್ಟು ತೋರಿಸಿದಳು. "ವಿಕ್ರೋಳಿ ರಸ್ತೆಯ ಹೊಂಡ ಇಷ್ಟು ಆಳ. ನಿಮ್ಮ ಟಯರಿನ ಪಕ್ಕೆ ಇಷ್ಟೇ. ರಿಮ್ಮು ಬಗ್ಗಿದ್ರೆ ಗಾಳಿ ಹೋಗ್ತದೆ. ಮಳೆಯಲ್ಲಿ, ಹೆಂಡತಿ ಪಕ್ಕದಲ್ಲಿ ಕೂತಿರುವಾಗ."

"ಎಪ್ಪತ್ತು" ಎಂದರು ಸತ್ಯಮೂರ್ತಿ.

ಅಂಗಾರ ನಾಲ್ಕನ್ನೂ ಹಾಕಿದ. ಅಪ್ಪಿ ಗಾಳಿ ತಾನೇ ನೋಡಿ ತುಂಬಿಸಿದಳು. ಕೆಲಸ ಮುಗಿಯಿತು ಎಂದುಕೊಂಡಳು. ಮುಗಿದಿರಲಿಲ್ಲ. ಜೂನ್ ಹದಿನಾರಕ್ಕೆ, ಎರಡು ದಿನ ಬಿಡದೆ ಮಳೆ ಸುರಿದ ಮೇಲೆ, ಸತ್ಯಮೂರ್ತಿ ಮಧ್ಯಾಹ್ನ ಎರಡಕ್ಕೆ ಅಂಗಡಿಗೆ ಬಂದರು.

"ರಮಾಮಣಿ ಒಂದು ಷರತ್ತು ಹಾಕಿದಾಳೆ. ಟಯರು ಕೊಟ್ಟೋರು ಮೊದಲು ಕೂತು ಬರಲಿ, ನಾನು ಬಸ್ಸಿಂದ ನೋಡ್ತೀನಿ, ಅಂತ."

"ನಾನಾ?"

"ಹೋಗಿ ಅತ್ತಿಗೆ" ಎಂದ ಅಂಗಾರ. "ಹಾಕಿದ್ದು ನಾನು. ಹೆದರಿಕೆ ಆದ್ರೆ ನಾನು ಇಲ್ಲೇ ಇದ್ದೇನೆ."

ಅಪ್ಪಿ ಸೀರೆ ಒತ್ತಿ ಹಿಡಿದು, ಬಲಗಡೆಯ ಸೀಟಿಗೆ ಇಳಿದಳು. ಹತ್ತಿದಳು ಎನ್ನುವ ಹಾಗಿರಲಿಲ್ಲ. ಮುಂದೆ ಸ್ಟೀರಿಂಗ್ ಇಲ್ಲ, ಕೈ ಇಡಲು ಜಾಗವಿಲ್ಲ. ಮೊದಲ ನಾಕಾದಲ್ಲೇ ಟ್ರಾಫಿಕ್ ಹವಾಲ್ದಾರ ಇಣುಕಿ ನೋಡಿದ. ಡ್ರೈವರ್ ಸೀಟಿನಲ್ಲಿ ಕೈಕಟ್ಟಿ ಕುಳಿತ ಅರವತ್ತೆರಡರ ವಿಧವೆ. ಕಾರು ಮಾತ್ರ ತಾನಾಗಿ ಹೋಗುತ್ತಿದೆ. ಅವನು ಸೀಟಿ ಬಾಯಿಗಿಟ್ಟವನು ಊದಲಿಲ್ಲ.

ದಾರಿಯಲ್ಲಿ ಸತ್ಯಮೂರ್ತಿ ಹೇಳಿಕೊಟ್ಟರು. "ರಸ್ತೆ ಖಾಲಿ ಇದ್ರೆ 'ಬಲ' ಅನ್ನಿ. ಇಲ್ಲದಿದ್ರೆ ಏನೂ ಹೇಳ್ಬೇಡಿ." ಅಪ್ಪಿ ಎರಡು ಲಾರಿ, ಒಂದು ಟೆಂಪೋ ದಾಟಿಸಿದಳು. ಕೆಲಸ ಸುಲಭ ಎನ್ನಿಸಿತು.

ಪವಾಯಿಯಲ್ಲಿ ಶಾಲೆ ಬಿಟ್ಟಿತ್ತು. ಬಸ್ಸು ಹೊರಟಿತು, ಕಾರು ಅದರ ಹಿಂದೆ ಹೊರಟಿತು. ಹಿಂದಿನ ಗಾಜಿನಲ್ಲಿ ಒಂದು ಮುಖ ಕಾಣಿಸಿತು. ಕನ್ನಡಕ, ನೆರೆತ ಬೈತಲೆ, ತುಟಿ ಬಿಗಿ. ರಮಾಮಣಿ ಗಾಜಿನ ಮೇಲಿನ ಹಬೆಯನ್ನು ಸೆರಗಿನಿಂದ ಒರೆಸಿ ಕೆಳಗೆ ನೋಡಿದರು. ಕೆರೆಯ ತಿರುವು ಬಂತು. ಹನ್ನೊಂದು ತಿಂಗಳು ಈ ಹೆಂಗಸು ಹೀಗೆ ಗಾಜಿನಿಂದ ಗಂಡನನ್ನು ನೋಡುತ್ತ ಹೋಗಿದ್ದಾಳಲ್ಲ ಎಂದು ಅಪ್ಪಿಗೆ ಅಯ್ಯೋ ಎನ್ನಿಸಿತು. ಅವಳು ಕೈ ಎತ್ತಿ, ಮಗಳನ್ನು ಕರೆಯುವ ಹಾಗೆ, ತನ್ನ ಮನೆಯ ಮಾತಿನಲ್ಲಿ ಕರೆದಳು.

"ಬಲ ಮಗಾ, ಬಲ!"

ತುಳುವಿನಲ್ಲಿ ಬಲ ಎಂದರೆ ಬಾ.

ಸತ್ಯಮೂರ್ತಿಗೆ ತುಳು ಬರುತ್ತಿರಲಿಲ್ಲ. ಅವರು ಬಲಕ್ಕೆ ತಿರುಗಿಸಿದರು.

ಎದುರಿಗೆ ಹಾಲಿನ ಲಾರಿ ಇತ್ತು. "ಎಡ! ಎಡ!" ಎಂದು ಅಪ್ಪಿ ಕೂಗಿದಳು. ಸತ್ಯಮೂರ್ತಿ ಬ್ರೇಕ್ ಒತ್ತಿ ಎಡಕ್ಕೆ ಎಳೆದರು. ರಸ್ತೆಯ ಮೇಲೆ ಕಣಕಾಲಿನಷ್ಟು ನೀರು. ಕಾರು ಬಟ್ಟೆಯಲ್ಲಿ ಸೂಜಿ ಹೋದ ಹಾಗೆ ಬಲಕ್ಕೆ ಹೋಯಿತು, ಎಡಕ್ಕೆ ಬಂತು, ಬಸ್ಸಿನ ಹಿಂದೆ ನೆಟ್ಟಗೆ ನಿಂತಿತು. ಲಾರಿಯವನು ಮರಾಠಿಯಲ್ಲಿ ಎರಡು ಮಾತು ಹೇಳಿ ಹೋದ. ಅಪ್ಪಿ ಕಣ್ಣು ತೆರೆದಾಗ ಕಾರಿನ ಮೂತಿ ಹೋಗಬೇಕಾದ ದಿಕ್ಕಿಗೇ ಇತ್ತು.

ಕಾರು ಮತ್ತೆ ಬಸ್ಸಿನ ಹಿಂದೆ ಹೊರಟಿತು. ಮುಂದಿನ ಸ್ಟಾಪಿನಲ್ಲಿ ಬಸ್ಸು ನಿಂತಿತು. ರಮಾಮಣಿ ಇಳಿದು ಛತ್ರಿ ಹಿಡಿದು ನಡೆದು ಬಂದರು. ಕಾರಿನ ಹಿಂದೆ ಹೋಗಿ ರಸ್ತೆ ನೋಡಿದರು, ಬಗ್ಗಿ ಒಂದು ಟಯರು ಮುಟ್ಟಿದರು, ಆಮೇಲೆ ಗಂಡನ ಕಿಟಕಿಗೆ ಬಂದರು.

"ಗಾಡಿ ತಾನಾಗಿ ಹೋಗಿದ್ದೋ, ನೀವು ತಿರುಗಿಸಿದ್ದೋ?"

"ನಾನೇ ತಿರುಗಿಸಿದ್ದು."

"ಲಾರಿ ಬರ್ತಿತ್ತು."

"ಇವರು ಬಲ ಅಂದ್ರು."

"ನಾನು ನಿನ್ನನ್ನು ಕರೆದದ್ದು ಮಗಾ" ಎಂದಳು ಅಪ್ಪಿ. "ನಮ್ಮ ಭಾಷೆಯಲ್ಲಿ."

ರಮಾಮಣಿ ಇದನ್ನು ಲೆಕ್ಕ ತಾಳೆ ನೋಡುವ ಹಾಗೆ ಯೋಚಿಸಿದರು. "ಎರಡು ಸಲ ತಿರುಗಿಸಿದ್ರಿ. ಒಂದು ಸಲವೂ ಜಾರಲಿಲ್ಲ" ಎಂದರು. ಕಾರನ್ನು ಸುತ್ತಿ ಬಲಗಡೆಯ ಬಾಗಿಲಿಗೆ ಬಂದು, ಮಳೆ ಸುರಿಯುತ್ತಿದ್ದರೂ ಛತ್ರಿ ಮಡಚಿ, ನೀರು ಕೊಡವಿ, ಅಲ್ಲೇ ನಿಂತರು.

ಆಮೇಲೆ ಐದು ವರ್ಷ, ತೊಂಬತ್ತೆರಡರಲ್ಲಿ ಸತ್ಯಮೂರ್ತಿ ರಿಟೈರಾಗಿ ಮೈಸೂರಿಗೆ ಹೋಗುವವರೆಗೆ, ಗಂಡ ಹೆಂಡತಿ ಮಳೆಗಾಲಕ್ಕೆ ಮುಂಚೆ ಒಟ್ಟಿಗೆ ಅಂಗಡಿಗೆ ಬಂದು ಹೋಗುತ್ತಿದ್ದರು. ಗೀರು ಎಷ್ಟು ಆಳ ಉಳಿದಿದೆ, ಯಾವಾಗ ಬದಲಾಯಿಸಬೇಕು, ಹಿಂದಿನದು ಮುಂದಕ್ಕೆ ಹಾಕಬಹುದೇ, ಎಲ್ಲ ಕೇಳುತ್ತಿದ್ದವರು ರಮಾಮಣಿ. ಅವರಿಗೆ ಅಕ್ಷರ ಬರುತ್ತಿದ್ದರೂ ಏಣಿ ಎಂದೇ ಹೇಳುತ್ತಿದ್ದರು. ಸತ್ಯಮೂರ್ತಿ ಎಡಗಡೆಯ ಸೀಟಿನಲ್ಲೇ ಕುಳಿತು ಕೈ ಮುಗಿಯುತ್ತಿದ್ದರು. ಅವರು ಬಾಯಿ ಬಿಟ್ಟು ಅಪ್ಪಿಯನ್ನು ಏನಾದರೂ ಕೇಳಿದ್ದು ಆ ದಿನ, ಕೆರೆಯ ತಿರುವಿನಾಚೆಯ ಸ್ಟಾಪಿನಲ್ಲಿ, ಹೆಂಡತಿ ಬಾಗಿಲ ಹೊರಗೆ ನೆನೆಯುತ್ತ ನಿಂತಿದ್ದಾಗಲೇ ಕೊನೆ.

"ಅಮ್ಮಾ, ತಪ್ಪು ತಿಳ್ಕೋಬೇಡಿ" ಎಂದರು. "ಸೀಟು ಎರಡೇ ಇರೋದು. ಸ್ವಲ್ಪ ಇಳೀತೀರಾ?"